ಬಿಂದುಗಳು ಮಾಯ, ಗಡಿ ಸಮುದ್ರದ ಮಧ್ಯೆ: ಸಿಆರ್‌ಎಸ್ ಬದಲಿಸಿದ ಮೇಲೆ ಎಲ್ಲ ಹಾಳಾಯಿತು

ಗೆರೆಪುಸ್ತಕ

ಎರಡು ದಿನದಿಂದ ತಲೆ ಕೆಟ್ಟಿದೆ. ಕ್ಯೂಜಿಐಎಸ್ (ನಕ್ಷೆ ಮಾಡುವ ಸಾಫ್ಟ್‌ವೇರ್) ಕಲಿಯಲು ಶುರು ಮಾಡಿ ಮೂರು ವಾರ ಆಯಿತು, ಅಷ್ಟೇ.

ನನ್ನ ಹತ್ತಿರ ಎರಡು ಫೈಲ್ ಇವೆ. ಒಂದು ಸಿಎಸ್‌ವಿ. ಅದರಲ್ಲಿ ಸರ್ವೆ ಮಾಡಿದ 60 ಬಿಂದುಗಳಿವೆ. ಇನ್ನೊಂದು ಒಂದು ಜಮೀನಿನ ಗಡಿಯ ಶೇಪ್‌ಫೈಲ್ (ನಕ್ಷೆಯ ಆಕಾರಗಳನ್ನು ಇಡುವ ಫೈಲ್). ತುಂಬಾ ಹಳೆಯದು, ಯಾರೋ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟದ್ದು. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿಕೊಂಡಿದ್ದೇನೆ.

ಗಡಿ ಫೈಲ್ ತೆರೆದಾಗ ಪದರದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಬಂತು. ಸಿಎಸ್‌ವಿ ತಂದರೆ ಬಿಂದುಗಳು ಕಾಣಿಸಲೇ ಇಲ್ಲ. 'ಜೂಮ್ ಟು ಲೇಯರ್' ಒತ್ತಿದರೆ ಖಾಲಿ ಬಿಳಿ ಪರದೆ. ಎಲ್ಲಾ ಪದರಗಳಿಗೂ ಒಂದೇ ಸಿಆರ್‌ಎಸ್ (ಅಂಕಿಗಳನ್ನು ಭೂಮಿಯ ಮೇಲಿನ ಜಾಗಕ್ಕೆ ಹೊಂದಿಸುವ ಪದ್ಧತಿ, ಒಂದೊಂದಕ್ಕೂ ಒಂದು ಸಂಖ್ಯೆ ಇರುತ್ತದೆ) ಇರಬೇಕು ಅಂತ ಎಲ್ಲೋ ಓದಿದ್ದೆ. ಹಾಗಾಗಿ ಗಡಿಯ ಮೇಲೆ ಬಲ ಕ್ಲಿಕ್ ಮಾಡಿ, 'ಸೆಟ್ ಲೇಯರ್ ಸಿಆರ್‌ಎಸ್'ಗೆ ಹೋಗಿ 32643 ಕೊಟ್ಟೆ. ಅದೂ ಮಾಯ! ಹುಡುಕಿ ಹುಡುಕಿ ನೋಡಿದರೆ ಭೂಮಧ್ಯರೇಖೆಯ ಮೇಲೆ, ಸಮುದ್ರದ ಮಧ್ಯೆ ಒಂದು ಸಣ್ಣ ಚುಕ್ಕೆಯಾಗಿ ಕೂತಿದೆ. ಇಡೀ ಜಮೀನು ಒಂದು ಚುಕ್ಕೆ.

ಏನು ತಪ್ಪು ಮಾಡಿದೆ?

ಹಳೇದುರ್ಬೀನು

ಗಾಬರಿ ಬೇಡ, ಫೈಲ್‌ಗಳಿಗೆ ಏನೂ ಆಗಿಲ್ಲ. ಎರಡೂ ಪದರದ ಪ್ರಾಪರ್ಟೀಸ್ ತೆರೆದು, ಇನ್ಫರ್ಮೇಶನ್ ಪುಟದಲ್ಲಿ 'ಎಕ್ಸ್‌ಟೆಂಟ್' ಅಂತ ಇರುವ ನಾಲ್ಕು ಅಂಕಿಗಳನ್ನು ಇಲ್ಲಿ ಹಾಕಿ. ಅವನ್ನು ನೋಡದೆ ಯಾರು ಏನು ಹೇಳಿದರೂ ಅದು ಊಹೆಯೇ.

ಪದರಪುಟ

ಎಲ್ಲವನ್ನೂ 3857ಕ್ಕೆ ಹಾಕಿಬಿಡಿ. ಹಿನ್ನೆಲೆ ನಕ್ಷೆ ಅದರಲ್ಲೇ ಇರುತ್ತದೆ. ನಾನು ಐದು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಒಂದು ದಿನವೂ ತೊಂದರೆ ಆಗಿಲ್ಲ.

ಗೆರೆಪುಸ್ತಕ

ಅಂಕಿಗಳು ಇಲ್ಲಿವೆ.

ಬಿಂದುಗಳು: 411902.3, 2345110.8 ರಿಂದ 412788.1, 2346021.5
ಗಡಿ: 74.1517, 21.2056 ರಿಂದ 74.1607, 21.2120

ಬಿಂದುಗಳ ಸಿಆರ್‌ಎಸ್ 4326 ಅಂತ ತೋರಿಸುತ್ತಿದೆ. ನಾನಂತೂ ಏನೂ ಆರಿಸಿರಲಿಲ್ಲ. ಗಡಿಯದ್ದು ಈಗ 32643.

ಹಳೇದುರ್ಬೀನು

ಅಂಕಿಗಳೇ ಬಾಯಿ ಬಿಟ್ಟು ಹೇಳುತ್ತಿವೆ. ಎರಡೂ ಫೈಲ್‌ಗೆ ಸಿಆರ್‌ಎಸ್ ಹಣೆಪಟ್ಟಿ ಅದಲು ಬದಲಾಗಿದೆ. 4326 ಅಂದರೆ ಡಿಗ್ರಿ, 32643 ಅಂದರೆ ಮೀಟರ್.

ಗಡಿಯ ಅಂಕಿ ನೋಡಿ: 74, 21. ಇವು ಡಿಗ್ರಿಗಳು. ರೇಖಾಂಶ ಮೈನಸ್ 180ರಿಂದ 180ರ ಒಳಗೆ, ಅಕ್ಷಾಂಶ ಮೈನಸ್ 90ರಿಂದ 90ರ ಒಳಗೆ ಇರಬೇಕು. ಇವು ಆ ಮಿತಿಯೊಳಗೇ ಇವೆ, ದಶಮಾಂಶವೂ ಉದ್ದ ಇದೆ. ಬಿಂದುಗಳ ಅಂಕಿ ನಾಲ್ಕು ಲಕ್ಷ, ಇಪ್ಪತ್ಮೂರು ಲಕ್ಷ. ಡಿಗ್ರಿ ಅಷ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ. ಅವು ಮೀಟರ್. ಆರಂಕಿಯ ಪೂರ್ವಮಾನ, ಏಳಂಕಿಯ ಉತ್ತರಮಾನ ಜೊತೆಯಾಗಿ ಕಂಡರೆ ಮೊದಲು ಯುಟಿಎಂ ಅಂತಲೇ ಅನುಮಾನ ಪಡಬೇಕು.

ಅಂದರೆ ಸಿಎಸ್‌ವಿಯಲ್ಲಿರುವುದು ಮೀಟರ್, ನೀವು ಡಿಗ್ರಿ ಅಂತ ಹೇಳಿದಿರಿ. ಸಿಎಸ್‌ವಿ ತರುವ ಕಿಟಕಿಯ ಕೆಳಗೆ 'ಜಿಯೋಮೆಟ್ರಿ ಸಿಆರ್‌ಎಸ್' ಅಂತ ಒಂದು ಪೆಟ್ಟಿಗೆ ಇರುತ್ತದೆ. ಅದರಲ್ಲಿ 4326 ಮೊದಲೇ ತುಂಬಿರುತ್ತದೆ, ನಾವು ನೋಡದೆ ಮುಂದೆ ಹೋಗಿಬಿಡುತ್ತೇವೆ. ಶೇಪ್‌ಫೈಲ್‌ನಲ್ಲಿರುವುದು ಡಿಗ್ರಿ, ಅದಕ್ಕೆ ಮೀಟರ್ ಅಂತ ಹೇಳಿದಿರಿ.

ಆ ಚುಕ್ಕೆ ಸಮುದ್ರಕ್ಕೆ ಹೋದದ್ದು ಹೇಗೆ ಅಂತ ಹೇಳುತ್ತೇನೆ, ಒಮ್ಮೆ ಅರ್ಥವಾದರೆ ಮರೆಯುವುದಿಲ್ಲ. ಯುಟಿಎಂನಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ಜೋನ್‌ಗಳಾಗಿ ಸೀಳಿದ್ದಾರೆ. ಜೋನ್ ಸಂಖ್ಯೆಯನ್ನು 6ರಿಂದ ಗುಣಿಸಿ 183 ಕಳೆದರೆ ಆ ಜೋನ್‌ನ ನಡುವಿನ ರೇಖಾಂಶ ಸಿಗುತ್ತದೆ. 32643 ಅಂದರೆ ಜೋನ್ 43 ಉತ್ತರ, ಅದಕ್ಕೆ 75 ಡಿಗ್ರಿ. ಆ ನಡುಗೆರೆಗೆ ಸೊನ್ನೆ ಕೊಡದೆ 5,00,000 ಮೀಟರ್ ಕೊಟ್ಟಿದ್ದಾರೆ, ಪಶ್ಚಿಮದ ಕಡೆ ಮೈನಸ್ ಬರದಿರಲಿ ಅಂತ. ಉತ್ತರಾರ್ಧದಲ್ಲಿ ಭೂಮಧ್ಯರೇಖೆಗೆ ಸೊನ್ನೆ. ಈಗ ನಿಮ್ಮ 74.15, 21.20 ಅನ್ನು ಮೀಟರ್ ಅಂತ ಓದಿ. ಭೂಮಧ್ಯರೇಖೆಯಿಂದ 21 ಮೀಟರ್ ಉತ್ತರಕ್ಕೆ, ನಡುಗೆರೆಯಿಂದ ಹೆಚ್ಚೂ ಕಡಿಮೆ 500 ಕಿ.ಮೀ. ಪಶ್ಚಿಮಕ್ಕೆ. ಇಡೀ ಜಮೀನಿನ ಅಗಲ 0.009 ಡಿಗ್ರಿ ಇತ್ತು, ಅದು 9 ಮಿಲಿಮೀಟರ್ ಆಯಿತು. ಚುಕ್ಕೆ ಆಗದೆ ಇನ್ನೇನಾಗುತ್ತದೆ?

ಸೊನ್ನೆದ್ವೀಪ

ಇದೇ ತಪ್ಪನ್ನು 3857 ಕೊಟ್ಟು ಮಾಡಿದ್ದರೆ ಚುಕ್ಕೆ ಗಿನಿ ಕೊಲ್ಲಿಯಲ್ಲಿ, 0,0 ಪಕ್ಕದಲ್ಲೇ ಬೀಳುತ್ತಿತ್ತು. ಅದಕ್ಕೆ 'ನಲ್ ಐಲ್ಯಾಂಡ್' ಅಂತ ತಮಾಷೆಗೆ ಕರೆಯುತ್ತಾರೆ. ನನ್ನ ಹೆಸರು ಸುಮ್ನೆ ಬಂದದ್ದಲ್ಲ :)

ಗೆರೆಪುಸ್ತಕ

ಅಂದರೆ ಗಡಿಗೆ ವಾಪಸ್ 4326 ಕೊಡಬೇಕು, ಬಿಂದುಗಳಿಗೆ 32643. ಆದರೆ ಎರಡೂ ಬೇರೆ ಬೇರೆ ಆದರೆ ಒಂದರ ಮೇಲೊಂದು ಕೂರುತ್ತವಾ?

ಹಳೇದುರ್ಬೀನು

ಕೂರುತ್ತವೆ. ಪದರದ ಸಿಆರ್‌ಎಸ್ ಬೇರೆ, ಪ್ರಾಜೆಕ್ಟ್‌ನ ಸಿಆರ್‌ಎಸ್ ಬೇರೆ. ಕೆಳಗೆ ಬಲ ಮೂಲೆಯಲ್ಲಿ ಕಾಣುವುದು ಪ್ರಾಜೆಕ್ಟ್‌ನದ್ದು, ಪರದೆಯ ಮೇಲೆ ಹೇಗೆ ತೋರಿಸಬೇಕು ಅನ್ನುವುದಕ್ಕೆ ಮಾತ್ರ. ಪ್ರತಿ ಪದರವೂ ತನ್ನ ನಿಜವಾದ ಸಿಆರ್‌ಎಸ್ ಹೇಳಿಕೊಂಡರೆ ಸಾಕು, ಆ ಕ್ಷಣದಲ್ಲೇ ಲೆಕ್ಕ ಹಾಕಿ ಸಾಫ್ಟ್‌ವೇರ್ ಹೊಂದಿಸುತ್ತದೆ. 'ಎಲ್ಲಕ್ಕೂ ಒಂದೇ ಇರಬೇಕು' ಅನ್ನುವ ಸಲಹೆ ಬಫರ್, ಇಂಟರ್‌ಸೆಕ್ಷನ್ ಥರದ ಕೆಲಸ ಮಾಡುವಾಗ ಒಳ್ಳೆಯದು. ನೋಡುವುದಕ್ಕೆ ಬೇಕಾಗಿಲ್ಲ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. 'ಸೆಟ್ ಲೇಯರ್ ಸಿಆರ್‌ಎಸ್' ಒಂದೇ ಒಂದು ಅಂಕಿಯನ್ನೂ ಬದಲಿಸುವುದಿಲ್ಲ. ಅಳತೆ ಚೀಟಿಯಲ್ಲಿ '30 ಅಡಿ' ಅಂತ ಇದೆ ಅಂದುಕೊಳ್ಳಿ. 'ಅಡಿ' ಅಳಿಸಿ 'ಮೀಟರ್' ಅಂತ ಬರೆದರೆ ಗೋಡೆ ಉದ್ದ ಆಗುತ್ತದಾ? ಇಲ್ಲ, ಚೀಟಿ ಸುಳ್ಳಾಗುತ್ತದೆ ಅಷ್ಟೇ. 30 ಅಡಿಯನ್ನು 9.14 ಮೀಟರ್ ಅಂತ ಲೆಕ್ಕ ಹಾಕಿ ಬರೆಯುವ ಕೆಲಸ 'ರೀಪ್ರೊಜೆಕ್ಟ್ ಲೇಯರ್'ದ್ದು. ಇಲ್ಲವೇ 'ಎಕ್ಸ್‌ಪೋರ್ಟ್' ಮಾಡುವಾಗ ಬೇರೆ ಸಿಆರ್‌ಎಸ್ ಆರಿಸಿದರೂ ಅದೇ ಆಗುತ್ತದೆ. ಹೊಸ ಫೈಲ್ ಹುಟ್ಟುತ್ತದೆ, ಹಳೆಯದು ಹಾಗೇ ಉಳಿಯುತ್ತದೆ.

ಮೊದಲು ಸರಿಯಾದ ಹಣೆಪಟ್ಟಿ, ಬೇಕಿದ್ದರೆ ಆಮೇಲೆ ಪರಿವರ್ತನೆ. ತಪ್ಪು ಹಣೆಪಟ್ಟಿ ಇಟ್ಟುಕೊಂಡು ಪರಿವರ್ತನೆ ಮಾಡಿದರೆ ತಪ್ಪು ಫೈಲ್‌ನೊಳಗೇ ಬೆರೆತುಹೋಗುತ್ತದೆ. ಆಗ ಅಂಕಿ ನೋಡಿ ಕಂಡುಹಿಡಿಯುವುದೂ ಕಷ್ಟ.

ಮಾಪನಕಡ್ಡಿ

ಬಿಂದುಗಳ ಜೋನ್ 43 ಅಂತ ಯಾರು ಹೇಳಿದರು? ಅದೇ ಅಂಕಿ ಜೋಡಿ 60 ಜೋನ್‌ಗಳಲ್ಲೂ ಇರುತ್ತದೆ. 44 ಆಗಿದ್ದರೆ ನಿಮ್ಮ ಅಕ್ಷಾಂಶದಲ್ಲಿ ಸುಮಾರು 620 ಕಿ.ಮೀ. ಪೂರ್ವಕ್ಕೆ ಹೋಗುತ್ತದೆ. ಅಂಕಿ ನೋಡಿದರೆ ಯುಟಿಎಂ ಅನ್ನುವುದು ಗೊತ್ತಾಗುತ್ತದೆ, ಜೋನ್ ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ಸರ್ವೆ ಮಾಡಿದವರನ್ನೇ ಕೇಳಿ.

ಗೆರೆಪುಸ್ತಕ

ಕೇಳಿದೆ. 43 ಉತ್ತರ, ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಭೂಮಿಯ ಮಾದರಿ). ಅವರು ಕೊಟ್ಟ ಹಾಳೆಯ ಮೇಲೆಯೇ ಬರೆದಿತ್ತಂತೆ. ಸಿಎಸ್‌ವಿ ಮಾಡುವಾಗ ನಾನೇ ಆ ಸಾಲು ಅಳಿಸಿದ್ದೆ!

ಸೊನ್ನೆದ್ವೀಪ

ಸಿಎಸ್‌ವಿಯ ಪಾಡು ಇದೇ. ಅದರೊಳಗೆ ಸಿಆರ್‌ಎಸ್ ಇಡುವ ಜಾಗವೇ ಇಲ್ಲ. ನಾನು ಫೈಲ್ ಹೆಸರಲ್ಲೇ ಸೇರಿಸಿಬಿಡುತ್ತೇನೆ: 'ಬಿಂದು_32643' ಅಂತ. ನೋಡಲು ಚೆನ್ನಾಗಿಲ್ಲ, ಆದರೆ ಎರಡು ವರ್ಷ ಆದ ಮೇಲೂ ಉಪಯೋಗಕ್ಕೆ ಬರುತ್ತದೆ.

ಸಿಎಸ್‌ವಿ ಬಗ್ಗೆ ನನ್ನದೇ ಒಂದು ಕಥೆ. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು, ಒಂದು ಕಾಲಂನ ಹೆಸರು ಸರಿಮಾಡಿ ಸೇವ್ ಮಾಡಿದೆ, ಅಷ್ಟೇ. ನಕ್ಷೆಗೆ ತಂದರೆ ಸಾವಿರ ಚಿಲ್ಲರೆ ಬಿಂದುಗಳು ಕವಾಯತಿಗೆ ನಿಂತ ಹಾಗೆ ಸಾಲು ಸಾಲಾಗಿ, ಚೌಕಾಕಾರದಲ್ಲಿ ನಿಂತಿವೆ. ಒಂದು ಗಂಟೆ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ಬಯ್ದೆ. ನೋಡಿದರೆ ಕಾಲಂ ಎರಡೇ ದಶಮಾಂಶ ತೋರಿಸುತ್ತಿತ್ತು, ಸೇವ್ ಆದದ್ದೂ ಎರಡೇ. 0.01 ಡಿಗ್ರಿ ಅಂದರೆ ಸುಮಾರು 1.1 ಕಿ.ಮೀ. ಒಂದು ಕಿ.ಮೀ. ಒಳಗಿದ್ದ ಬಿಂದುಗಳೆಲ್ಲ ಒಂದರ ಮೇಲೊಂದು ಕೂತಿದ್ದವು. ಐದು ದಶಮಾಂಶ ಇದ್ದರೆ ಸುಮಾರು 1 ಮೀಟರ್, ಆರು ಇದ್ದರೆ ಸುಮಾರು 11 ಸೆಂ.ಮೀ. ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದು ಬರೀ ಜಂಬ.

ಗೆರೆಪುಸ್ತಕ

ಬಂತು ಬಂತು! ಬಿಂದುಗಳು ಬಂದವು, ಗಡಿಯೂ ವಾಪಸ್ ಬಂತು. ಎಲ್ಲರಿಗೂ ಥ್ಯಾಂಕ್ಸ್.

ಆದರೆ ಹೊಸ ತಲೆನೋವು ಎರಡು. ಒಂದು, ಪದರಪುಟ ಹೇಳಿದಂತೆ ಗಡಿಯನ್ನು 3857ಕ್ಕೆ ಎಕ್ಸ್‌ಪೋರ್ಟ್ ಮಾಡಿ ವಿಸ್ತೀರ್ಣ ಲೆಕ್ಕ ಹಾಕಿದೆ. 46 ಹೆಕ್ಟೇರ್ ಚಿಲ್ಲರೆ ಬಂತು. ದಾಖಲೆಯಲ್ಲಿರುವುದು 40. ಎರಡು, ದೂರದಿಂದ ನೋಡಿದರೆ ಗಡಿ ಸರಿಯಾಗೇ ಇದೆ. ಹತ್ತಿರ ಹೋದರೆ ಬಿಂದುಗಳಿಗಿಂತ ನೂರು ಮೀಟರಿಗೂ ಸ್ವಲ್ಪ ಜಾಸ್ತಿ ಆಗ್ನೇಯಕ್ಕೆ ಜಾರಿದೆ. ಆಕಾರ ಮಾತ್ರ ಪಕ್ಕಾ ಹೊಂದುತ್ತದೆ.

ಮಾಪನಕಡ್ಡಿ

ಪದರಪುಟ ಅವರೇ, ಐದು ವರ್ಷದಲ್ಲಿ ಒಂದು ಸಲವಾದರೂ ವಿಸ್ತೀರ್ಣ ಲೆಕ್ಕ ಹಾಕಿದ್ದೀರಾ?

3857 ಅಂದರೆ ವೆಬ್ ಮರ್ಕೇಟರ್. ಮರ್ಕೇಟರ್ ತನ್ನ ನಕ್ಷೆ ಮಾಡಿದ್ದು 1569ರಲ್ಲಿ, ಹಡಗು ನಡೆಸುವವರಿಗಾಗಿ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋದರೆ ಆ ನಕ್ಷೆಯ ಮೇಲೆ ಅದು ನೇರ ಗೆರೆಯಾಗಿ ಬರುತ್ತದೆ. ಅದಕ್ಕೆ ತೆತ್ತ ಬೆಲೆ ಅಂದರೆ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು. ನಿಮ್ಮ 21 ಡಿಗ್ರಿಯಲ್ಲಿ ವಿಸ್ತೀರ್ಣ 15–16 ಶೇಕಡಾ ಜಾಸ್ತಿ ಬರುತ್ತದೆ. 40ಕ್ಕೆ ಅಷ್ಟು ಸೇರಿಸಿ. 46 ಚಿಲ್ಲರೆ.

ಅದೇ ಗಡಿಯನ್ನು 32643ಕ್ಕೆ ರೀಪ್ರೊಜೆಕ್ಟ್ ಮಾಡಿ ಅಳೆಯಿರಿ. ಯುಟಿಎಂನಲ್ಲೂ ತಪ್ಪು ಇಲ್ಲ ಅಂತಲ್ಲ. ನಡುಗೆರೆಯ ಮೇಲೆ ಅಳತೆ 0.9996 ಪಟ್ಟು, ಅಲ್ಲಿಂದ ದೂರ ಹೋದಂತೆ ನಿಧಾನವಾಗಿ ಏರುತ್ತದೆ. ನಿಮ್ಮ ಜಾಗದಲ್ಲಿ 40 ಹೆಕ್ಟೇರಿಗೆ ಸುಮಾರು 240 ಚದರ ಮೀಟರ್ ಕಡಿಮೆ ತೋರಿಸುತ್ತದೆ. 6 ಹೆಕ್ಟೇರ್ ಎಲ್ಲಿ, 240 ಚದರ ಮೀಟರ್ ಎಲ್ಲಿ?

ಪದರಪುಟ

ಸರಿ, ಸೋತೆ. ನಾನು ಮಾಡುವುದು ವೆಬ್ ನಕ್ಷೆ ಮಾತ್ರ. ಅಲ್ಲಿ ಅಳೆಯುವ ಕೆಲಸ ಬರುವುದೇ ಇಲ್ಲ. 256 ಪಿಕ್ಸೆಲ್‌ನ ಚೌಕಗಳನ್ನು ಜೋಡಿಸಲು 3857ರಷ್ಟು ಸಲೀಸು ಬೇರೆ ಇಲ್ಲ. ಉತ್ತರ ದಕ್ಷಿಣ ಎರಡೂ ಕಡೆ 85.05 ಡಿಗ್ರಿಗೆ ಕತ್ತರಿಸಿದರೆ ಇಡೀ ಲೋಕ ಸರಿಯಾಗಿ ಒಂದು ಚೌಕ ಆಗುತ್ತದೆ. ತೋರಿಸಲು ಒಳ್ಳೆಯದು, ಅಳೆಯಲು ಅಲ್ಲ ಅಂತ ಮೊದಲೇ ಹೇಳಬೇಕಿತ್ತು.

ಅಂದ ಹಾಗೆ ಶುರುವಿನಲ್ಲಿ ಇದಕ್ಕೆ ಇಪಿಎಸ್‌ಜಿ ಪಟ್ಟಿಯಲ್ಲಿ ಸಂಖ್ಯೆಯೇ ಇರಲಿಲ್ಲ. ಜನ 900913 ಅಂತ ತಾವೇ ಇಟ್ಟುಕೊಂಡಿದ್ದರು. ಆ ಅಂಕಿಗಳನ್ನು ಇಂಗ್ಲಿಷ್ ಅಕ್ಷರಗಳ ಹಾಗೆ ಓದಿದರೆ 'ಗೂಗಲ್' ಆಗುತ್ತದೆ. ಹಳೆಯ ಫೈಲ್‌ಗಳಲ್ಲಿ ಆ ಸಂಖ್ಯೆ ಕಂಡರೆ 3857 ಅಂತಲೇ ತಿಳಿದುಕೊಳ್ಳಿ.

ಗೆರೆಪುಸ್ತಕ

ಈ ಇಪಿಎಸ್‌ಜಿ ಯಾರು?

ಸೊನ್ನೆದ್ವೀಪ

ಯುರೋಪಿಯನ್ ಪೆಟ್ರೋಲಿಯಂ ಸರ್ವೆ ಗ್ರೂಪ್. ತೈಲ ಹುಡುಕುವವರು! ಸಮುದ್ರದಲ್ಲಿ ಬಾವಿ ಕೊರೆಯುವಾಗ ನೂರು ಮೀಟರ್ ತಪ್ಪಿದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಗುಂಪು 2005ರಲ್ಲಿ ದೊಡ್ಡ ತೈಲ ಸಂಘಟನೆಯೊಂದರಲ್ಲಿ ಸೇರಿಹೋಯಿತು. ಸಿಆರ್‌ಎಸ್ ಸಂಖ್ಯೆಗಳ ಪಟ್ಟಿಗೆ ಮಾತ್ರ ಹಳೆಯ ಹೆಸರೇ ಉಳಿದಿದೆ.

ಮಾಪನಕಡ್ಡಿ

ಇನ್ನೊಂದು ಮಾತು, ಗೆರೆಪುಸ್ತಕ ಅವರೇ. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ವಿಸ್ತೀರ್ಣಕ್ಕೆ ಎರಡು ದಾರಿ ಇದೆ. ಡಾಲರ್ ಗುರುತು ಹಾಕಿದ 'ಏರಿಯಾ' ಪ್ರಾಜೆಕ್ಟ್‌ನಲ್ಲಿ ಆರಿಸಿದ ಎಲಿಪ್ಸಾಯ್ಡ್ (ಭೂಮಿಯ ದುಂಡು ಮಾದರಿ) ಮೇಲೆ ಅಳೆಯುತ್ತದೆ. 'ಏರಿಯಾ' ಅಂತ ಬರೆದು ಆವರಣದೊಳಗೆ ಜಿಯೋಮೆಟ್ರಿ ಕೊಡುವ ದಾರಿ ಚಪ್ಪಟೆ ಹಾಳೆಯ ಮೇಲೆ, ಪದರದ್ದೇ ಅಂಕಿಗಳಲ್ಲಿ ಅಳೆಯುತ್ತದೆ. ನೀವು ಎರಡನೆಯದು ಬಳಸಿರಬೇಕು. ಮೊದಲನೆಯದಾಗಿದ್ದರೆ 3857ರಲ್ಲಿದ್ದರೂ 40 ಹತ್ತಿರವೇ ಬರುತ್ತಿತ್ತು. ಪದರ 4326ರಲ್ಲಿದ್ದಾಗ ಎರಡನೆಯದು ಬಳಸಿದರೆ 'ಚದರ ಡಿಗ್ರಿ' ಅನ್ನುವ ಅರ್ಥವಿಲ್ಲದ ಅಂಕಿ ಬರುತ್ತದೆ.

ಹಳೇದುರ್ಬೀನು

ಎರಡನೆಯ ತಲೆನೋವಿಗೆ ಬರೋಣ. ಇದು ಜಾಸ್ತಿ ಮಜಾ ಇದೆ.

ಆಕಾರ ಸರಿ, ಗಾತ್ರ ಸರಿ, ಎಲ್ಲಾ ಮೂಲೆಯೂ ಒಂದೇ ದಿಕ್ಕಿಗೆ, ಒಂದೇ ದೂರ ಜಾರಿದೆ. ಇದು ಡೇಟಮ್, ಅಂದರೆ ಅಂಕಿಗಳಿಗೆ ಆಧಾರವಾದ ಭೂಮಿಯ ಮಾದರಿ, ತಪ್ಪಿದ ಗುರುತು. ಪ್ರೊಜೆಕ್ಷನ್ ತಪ್ಪಿದರೆ ನೂರಾರು ಕಿ.ಮೀ. ಹೋಗುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಡೇಟಮ್ ತಪ್ಪಿದರೆ ನೂರಾರು ಮೀಟರ್, ಕೆಲವೊಮ್ಮೆ ಒಂದೆರಡು ಮೀಟರ್. ದೂರದಿಂದ ಗೊತ್ತೇ ಆಗುವುದಿಲ್ಲ, ಅದಕ್ಕೇ ನನಗೆ ಇದರ ಭಯ ಜಾಸ್ತಿ.

'74.15 ಡಿಗ್ರಿ ಪೂರ್ವ' ಅನ್ನುವುದು ಅರ್ಧ ಮಾತು. ಭೂಮಿ ಸರಿಯಾದ ಗೋಳ ಅಲ್ಲ, ಧ್ರುವಗಳ ಕಡೆ ಚಪ್ಪಟೆ. ಎಷ್ಟು ದೊಡ್ಡದು, ಎಷ್ಟು ಚಪ್ಪಟೆ, ಕೇಂದ್ರ ಎಲ್ಲಿ ಅಂತ ಒಂದು ಮಾದರಿ ಒಪ್ಪಿಕೊಂಡ ಮೇಲೆಯೇ ಡಿಗ್ರಿಗೆ ಅರ್ಥ ಬರುವುದು. ಡಬ್ಲ್ಯುಜಿಎಸ್ 84ರ ಮಾದರಿಯಲ್ಲಿ ಭೂಮಧ್ಯರೇಖೆಯ ತ್ರಿಜ್ಯ 63,78,137 ಮೀಟರ್. 1830ರ ಎವರೆಸ್ಟ್ ಮಾದರಿಯಲ್ಲಿ ಅದಕ್ಕಿಂತ ಸುಮಾರು 860 ಮೀಟರ್ ಕಡಿಮೆ, ಕೇಂದ್ರವೂ ಬೇರೆ ಕಡೆ. ಉಪಗ್ರಹ ಬರುವ ಮೊದಲು ಒಂದೊಂದು ಪ್ರದೇಶದವರು ತಮ್ಮ ನೆಲಕ್ಕೆ ಚೆನ್ನಾಗಿ ಹೊಂದುವ ಮಾದರಿ ಆರಿಸಿಕೊಂಡಿದ್ದರು. ಜಪಾನ್ 2002ರಲ್ಲಿ ಹಳೆಯ ಟೋಕಿಯೊ ಡೇಟಮ್ ಬಿಟ್ಟಾಗ ಅಲ್ಲಿನ ಅಂಕಿಗಳು 400 ಮೀಟರಿಗಿಂತ ಜಾಸ್ತಿ ಸರಿದವು. ಯಾರ ಮನೆಯೂ ಸರಿಯಲಿಲ್ಲ, ಅಂಕಿ ಮಾತ್ರ. ಆಸ್ಟ್ರೇಲಿಯಾದಲ್ಲಿ ನಿಜಕ್ಕೂ ನೆಲವೇ ಸರಿಯುತ್ತದೆ, ವರ್ಷಕ್ಕೆ ಸುಮಾರು 7 ಸೆಂ.ಮೀ. ಅದಕ್ಕೇ 1994ರ ಡೇಟಮ್‌ಗೂ 2020ರದ್ದಕ್ಕೂ ಅವರಿಗೆ 1.8 ಮೀಟರ್ ವ್ಯತ್ಯಾಸ.

ನಿಮ್ಮ ಶೇಪ್‌ಫೈಲ್ ಹಳೆಯದು ಅಂದಿರಿ. ಹಳೆಯ ಕಾಗದದ ನಕ್ಷೆಯಿಂದ ಎತ್ತಿದ್ದಾಗಿದ್ದರೆ ಎವರೆಸ್ಟ್ ಮೇಲಿನ ಕಲ್ಯಾಣಪುರ ಡೇಟಮ್ ಇರುವ ಸಾಧ್ಯತೆ ಇದೆ. 74 ಪೂರ್ವ, 21 ಉತ್ತರದ ಆಸುಪಾಸಿನಲ್ಲಿ ಅದನ್ನು ಡಬ್ಲ್ಯುಜಿಎಸ್ 84 ಅಂತ ತಪ್ಪಾಗಿ ಓದಿದರೆ ಸುಮಾರು 110 ಮೀಟರ್ ಆಗ್ನೇಯಕ್ಕೇ ಬೀಳಬೇಕು. ನಿಮ್ಮದೂ ಅದೇ ದಿಕ್ಕು, ಅದೇ ದೂರ. ಆ ಫೈಲ್ ಜೊತೆ 'ಪಿಆರ್‌ಜೆ' ಅಂತ ಕೊನೆಯಾಗುವ ಇನ್ನೊಂದು ಫೈಲ್ ಇತ್ತಾ?

ಗೆರೆಪುಸ್ತಕ

ಇಲ್ಲ. ಮೂರೇ ಇವೆ: ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್.

ಹಳೇದುರ್ಬೀನು

ಪೆನ್‌ಡ್ರೈವ್‌ಗೆ ಹಾಕುವಾಗ ಅದನ್ನು ಬಿಟ್ಟಿದ್ದಾರೆ. ಸಿಆರ್‌ಎಸ್ ಬರೆದಿಟ್ಟಿರುವುದು ಅದರೊಳಗೇ. ಬರೀ ಪಠ್ಯ ಫೈಲ್, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಅದಿಲ್ಲದ್ದಕ್ಕೇ ನಿಮಗೆ ಮೊದಲ ದಿನ ಪ್ರಶ್ನೆ ಚಿಹ್ನೆ ಕಂಡದ್ದು. ಕೊಟ್ಟವರ ಹತ್ತಿರ ಇದೆಯಾ ಕೇಳಿ. ಇಲ್ಲದಿದ್ದರೆ ಮೂಲ ಫೈಲ್‌ಗೇ ಕಲ್ಯಾಣಪುರದ 4146 ಹಣೆಪಟ್ಟಿ ಹಚ್ಚಿ ನೋಡಿ. 3857ಕ್ಕೆ ಎಕ್ಸ್‌ಪೋರ್ಟ್ ಮಾಡಿದ್ದನ್ನು ಅಳಿಸಿಬಿಡಿ, ಅದರೊಳಗೆ ತಪ್ಪು ಆಗಲೇ ಬೆರೆತಿದೆ.

ಹಚ್ಚಿದಾಗ ಪರಿವರ್ತನೆಗಳ ಒಂದು ಪಟ್ಟಿ ಬಂದರೆ ಸುಮ್ನೆ ಓಕೆ ಒತ್ತಬೇಡಿ. ಪ್ರತಿ ಸಾಲಿನಲ್ಲೂ ನಿಖರತೆ ಎಷ್ಟು ಮೀಟರ್, ಯಾವ ಪ್ರದೇಶಕ್ಕೆ ಅಂತ ಇರುತ್ತದೆ. ನಿಮ್ಮ ಜಾಗವನ್ನು ಒಳಗೊಂಡದ್ದನ್ನು ಆರಿಸಿ.

ಅಕ್ಕಪಕ್ಕ

ತಡವಾಗಿ ಬಂದೆ. ಎಕ್ಸ್, ವೈ ಅದಲು ಬದಲಾಗುವ ವಿಷಯ ಯಾರೂ ಹೇಳಲಿಲ್ಲವಲ್ಲ! ಬಾಯಲ್ಲಿ ನಾವು 'ಅಕ್ಷಾಂಶ ರೇಖಾಂಶ' ಅನ್ನುತ್ತೇವೆ, ಅದೇ ಕ್ರಮದಲ್ಲಿ ಎಕ್ಸ್‌ಗೆ ಅಕ್ಷಾಂಶ ಕೊಟ್ಟುಬಿಡುತ್ತೇವೆ. ಎಕ್ಸ್ ಅಂದರೆ ಅಡ್ಡ, ಅದು ರೇಖಾಂಶ. ಈ ಗಡಿಯನ್ನೇ ತಿರುವು ಮುರುವು ಮಾಡಿದರೆ ನಾರ್ವೆಗಿಂತ ಉತ್ತರಕ್ಕೆ, ಬೇರ್ ದ್ವೀಪದ ಹತ್ತಿರದ ತಣ್ಣನೆ ಸಮುದ್ರಕ್ಕೆ ಬೀಳುತ್ತದೆ.

ತಪ್ಪು ಬರೀ ನಮ್ಮದಲ್ಲ. ಇಪಿಎಸ್‌ಜಿ ಪಟ್ಟಿಯ ಪ್ರಕಾರ 4326ರಲ್ಲಿ ಅಕ್ಷಾಂಶ ಮೊದಲು. ಜಿಯೋಜೇಸನ್ ಫೈಲ್‌ನಲ್ಲಿ ರೇಖಾಂಶ ಮೊದಲು, ಕೆಎಂಎಲ್ ಫೈಲ್‌ನಲ್ಲೂ ಅಷ್ಟೇ. ವೆಬ್ ನಕ್ಷೆಗೆ ಲೀಫ್ಲೆಟ್‌ನಲ್ಲಿ ಕೋಡ್ ಬರೆಯುವಾಗ ಮತ್ತೆ ಅಕ್ಷಾಂಶ ಮೊದಲು. 2019ರಲ್ಲಿ ಜಿಡಾಲ್ (ನಕ್ಷೆ ಫೈಲ್ ಓದುವ ಸಾಫ್ಟ್‌ವೇರ್ ಲೈಬ್ರರಿ) 3 ಬಂದು ಇಪಿಎಸ್‌ಜಿ ಕ್ರಮವನ್ನು ಗೌರವಿಸಲು ಶುರು ಮಾಡಿದಾಗ ನನ್ನ ಹಳೆಯ ಸ್ಕ್ರಿಪ್ಟ್‌ಗಳೆಲ್ಲ ಒಂದೇ ರಾತ್ರಿಯಲ್ಲಿ ಉಲ್ಟಾ ಆಗಿದ್ದವು.

ಗೆರೆಪುಸ್ತಕ

4146 ಕೊಟ್ಟೆ. ಸರಿದು ಬಂದು ಬಿಂದುಗಳ ಮೇಲೆ ಕೂತಿತು!! ಕುರ್ಚಿ ಬಿಟ್ಟು ಎದ್ದು ನಿಂತೆ. ಯುಟಿಎಂಗೆ ರೀಪ್ರೊಜೆಕ್ಟ್ ಮಾಡಿದೆ, ವಿಸ್ತೀರ್ಣ 39.9 ಬಂತು.

ಒಂದು ಸಣ್ಣದು. ಹೊಸ ಫೈಲನ್ನು ಶೇಪ್‌ಫೈಲ್ ಆಗಿಯೇ ಉಳಿಸಿದೆ. 'ಹೆಸರು' ಅಂತ ಒಂದು ಕಾಲಂ ಇತ್ತು, ಅದು 'ಹೆಸ' ಆಗಿದೆ. ಇದೂ ಪ್ರೊಜೆಕ್ಷನ್ನಾ? :)

ಸೊನ್ನೆದ್ವೀಪ

ಅಲ್ಲ, ಇದು ಶೇಪ್‌ಫೈಲ್‌ನ ಹಳೆಯ ಕಾಯಿಲೆ. ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಇಂಗ್ಲಿಷ್‌ನಲ್ಲಿ ಅದು 10 ಅಕ್ಷರ. ಕನ್ನಡದಲ್ಲಿ ಯುಟಿಎಫ್-8 ಪ್ರಕಾರ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಹೆಸರು' ಬಿಡಿಸಿದರೆ ಹ, ಎತ್ವ, ಸ, ರ, ಕೊಂಬು. ಐದು ಸಂಕೇತ, 15 ಬೈಟ್. ಮೂರಕ್ಕೇ ಜಾಗ ಮುಗಿಯಿತು, 'ಹೆಸ' ಉಳಿಯಿತು. ಒಳಗಿನ ಪಠ್ಯಕ್ಕೂ 254 ಬೈಟ್ ಮಿತಿ. ಕನ್ನಡ ಅಕ್ಷರಗಳ ಬದಲು ಕಸ ಕಂಡರೆ ಎನ್‌ಕೋಡಿಂಗ್ ಹೇಳುವ 'ಸಿಪಿಜಿ' ಫೈಲ್ ಕಳೆದಿದೆ ಅಂತ ಅರ್ಥ.

ಜಿಯೋಪ್ಯಾಕೇಜ್‌ನಲ್ಲಿ ಉಳಿಸಿ. ಒಂದೇ ಫೈಲ್, ಸಿಆರ್‌ಎಸ್ ಒಳಗೇ ಇರುತ್ತದೆ, ಕನ್ನಡದ ಹೆಸರು ಎಷ್ಟು ಉದ್ದ ಇದ್ದರೂ ಕತ್ತರಿಸುವುದಿಲ್ಲ. ಪೆನ್‌ಡ್ರೈವ್‌ಗೆ ಹಾಕುವಾಗ ಅರ್ಧ ಬಿಟ್ಟುಹೋಗುವ ಭಯವೂ ಇಲ್ಲ.

ಗೆರೆಪುಸ್ತಕ

ಮಾಡಿದೆ, 'ಹೆಸರು' ಪೂರ್ತಿ ಬಂತು. ಪೂರ್ವದ ಮೂಲೆಯಲ್ಲಿ ಮಾತ್ರ ಗಡಿಗೂ ಬಿಂದುವಿಗೂ ಇನ್ನೂ 6–7 ಮೀಟರ್ ವ್ಯತ್ಯಾಸ ಇದೆ. ಭಾನುವಾರ ಫೋನ್ ಹಿಡಿದು ಅಲ್ಲಿಗೇ ಹೋಗಿ ನೋಡಿ ಬರುತ್ತೇನೆ.

ಮಾಪನಕಡ್ಡಿ

ಫೋನ್ ಜಿಪಿಎಸ್‌ಗೆ ತೆರೆದ ಆಕಾಶದಡಿಯಲ್ಲೂ ಸುಮಾರು 5 ಮೀಟರ್ ಅದರದ್ದೇ ತಪ್ಪು ಇರುತ್ತದೆ. 6 ಮೀಟರ್ ಜಗಳವನ್ನು ಅದರಿಂದ ಬಿಡಿಸಲು ಆಗುವುದಿಲ್ಲ. ಆ ಮೂಲೆಯಲ್ಲಿ ಗಡಿ ಕಲ್ಲು ಇದ್ದರೆ ಸರ್ವೆಯವರ ಹತ್ತಿರ ಅದನ್ನೇ ಇನ್ನೊಮ್ಮೆ ಅಳೆಸಿ. ಹಳೆಯ ನಕ್ಷೆಯಲ್ಲಿ ಗೆರೆಯ ದಪ್ಪ ಎಷ್ಟಿತ್ತು ಅಂತಲೂ ನೋಡಿ. 1:50,000 ನಕ್ಷೆಯಲ್ಲಿ ಕಾಲು ಮಿಲಿಮೀಟರ್ ಗೆರೆ ಅಂದರೆ ನೆಲದ ಮೇಲೆ ಹನ್ನೆರಡೂವರೆ ಮೀಟರ್.